ಬಾಲ್ಕನಿಯ ಕುಂಡ ಬೀದಿಗೆ ಬಂದಾಗ...

ಈ ಪುಟ ಓದೋದನ್ನ ಒಂದು ನಿಮಿಷ ನಿಲ್ಲಿಸಿ, ಎದ್ದು ನಿಮ್ಮ ಬಾಲ್ಕನಿಗೆ ಹೋಗಿ ಬನ್ನಿ. ಹೊರಗೋಡೆಯ ಮೇಲೆ ಎಷ್ಟು ಹೂಕುಂಡಗಳಿವೆ ಅಂತ ಎಣಿಸಿ. ಎರಡಾ? ನಾಲ್ಕಾ? ಅವುಗಳಲ್ಲಿ ಕಟ್ಟಿ ಭದ್ರ ಮಾಡಿರೋದು ಎಷ್ಟು? ಬಹುಶಃ ಒಂದೂ ಇಲ್ಲ. ನಾಚಿಕೊಳ್ಳಬೇಡಿ, ನಾನೂ ಕಟ್ಟಿರಲಿಲ್ಲ.

ಹೂಕುಂಡ ಅಂದ್ರೆ ಇಷ್ಟು ದಿನ ಬರೀ ನಮ್ಮ ಪುಟದ ವಿಷಯವಾಗಿತ್ತು. ಯಾವ ಗೋಡೆಗೆ ಯಾವ ಬಣ್ಣದ ಪಾಟ್ ಚೆಂದ, ಯಾವ ಗಿಡಕ್ಕೆ ಎಷ್ಟು ಬಿಸಿಲು, ಇಷ್ಟೇ. ಆದರೆ ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಅದು ಪತ್ರಿಕೆಯ ಮುಖ್ಯ ಪುಟಗಳಿಗೂ ಹೋಗಿ ಬಂತು. ಪುಣೆಯಲ್ಲಿ ಮೇಲಿನಿಂದ ಬಿದ್ದ ಕುಂಡಕ್ಕೆ ಮಗುವೊಂದು ಬಲಿಯಾಯಿತು. ಅದರ ಬೆನ್ನಲ್ಲೇ 2025ರ ಮೇ ತಿಂಗಳಲ್ಲಿ, ದೂರದ ನೋಯ್ಡಾದಲ್ಲಿ ಅಲ್ಲಿನ ಪ್ರಾಧಿಕಾರ ಎಚ್ಚೆತ್ತು, ಬಾಲ್ಕನಿಯ ಗೋಡೆ ಮತ್ತು ಕಂಬಿಗಳ ಮೇಲೆ ಕುಂಡ ಇಡಕೂಡದು ಅಂತ ಅಪಾರ್ಟ್‌ಮೆಂಟ್ ಸಂಘಗಳಿಗೆ ಸೂಚನೆ ಹೊರಡಿಸಿತು. ಅದಕ್ಕೂ ಎರಡು ವರ್ಷ ಮೊದಲು, 2023ರ ಫೆಬ್ರುವರಿ ಕೊನೆಯಲ್ಲಿ, ಗುರುಗ್ರಾಮದಲ್ಲಿ ಜಿ-20 ಸಭೆಗಾಗಿ ರಸ್ತೆ ಬದಿ ಜೋಡಿಸಿದ್ದ ಹೂಕುಂಡಗಳನ್ನು ದುಬಾರಿ ಕಾರಿನಲ್ಲಿ ಬಂದವರು ಹಾಡಹಗಲೇ ಡಿಕ್ಕಿಗೆ ತುಂಬಿಕೊಂಡು ಹೋದ ವಿಡಿಯೋ ದೇಶವೆಲ್ಲ ನೋಡಿ ನಕ್ಕಿತು. ನಾವು ಬೆಂಗಳೂರಿನವರು ಹೆಚ್ಚು ನಗೋ ಹಾಗಿಲ್ಲ. 2024ರಲ್ಲಿ ನಮ್ಮಲ್ಲೇ ಇಬ್ಬರು ಹೆಂಗಸರು ಮನೆ ಮುಂದಿನ ಕುಂಡ ಎತ್ತಿಕೊಂಡು ಹೋದದ್ದು ಸಿಸಿಟಿವಿಯಲ್ಲಿ ಸೆರೆಯಾಗಿ ಮೊಬೈಲಿಂದ ಮೊಬೈಲಿಗೆ ಓಡಾಡಿತು.

ಒಂದು ಕಡೆ ಬೀಳುವ ಕುಂಡ, ಇನ್ನೊಂದು ಕಡೆ ಕಳುವಾಗುವ ಕುಂಡ. ಎರಡಕ್ಕೂ ಏನು ಸಂಬಂಧ ಅಂತೀರಾ? ಎರಡೂ ನಮ್ಮ ಮನೆಯ ಅಂಚಿನಲ್ಲಿ ಇಟ್ಟವು. ಹಿಂದೆ ನಮಗೆಲ್ಲ ಅಂಗಳ ಇತ್ತು, ಹಿತ್ತಲಿತ್ತು. ಕುಂಡ ಉರುಳಿದರೆ ನಮ್ಮ ಮಣ್ಣಿನ ಮೇಲೇ ಉರುಳುತ್ತಿತ್ತು. ಈಗ ನಮಗೆ ಸಿಕ್ಕಿರೋದು ನಾಲ್ಕಡಿ ಬಾಲ್ಕನಿ, ಇಲ್ಲಾ ಗೇಟಿನ ಮುಂದಿನ ಒಂದೂವರೆ ಅಡಿ ಜಾಗ. ಅದರಾಚೆ ಇರೋದು ಬೇರೆಯವರ ತಲೆ, ಬೇರೆಯವರ ದಾರಿ. ಹಾಗಾಗಿ ಕುಂಡ ಎಲ್ಲಿಡಬೇಕು ಅನ್ನೋದು ಬರೀ ಅಲಂಕಾರದ ಪ್ರಶ್ನೆಯಾಗಿ ಉಳಿದಿಲ್ಲ.

ನಮ್ಮನೆ ಕಥೆ ಹೇಳಿಬಿಡ್ತೀನಿ. ನಾವಿರೋದು ಮೂರನೇ ಮಹಡಿಯಲ್ಲಿ. ನಮ್ಮತ್ತೆ ಊರಿಂದ ತಂದ ದೊಡ್ಡಪತ್ರೆ ಗಿಡ ಎಂಟು ಇಂಚಿನ ಮಣ್ಣಿನ ಕುಂಡದಲ್ಲಿ ಬಾಲ್ಕನಿ ಗೋಡೆಯ ಮೇಲೆ ನಾಲ್ಕು ವರ್ಷದಿಂದ ಕೂತಿತ್ತು. ಗೋಡೆಯ ಅಗಲ ಐದು ಇಂಚು, ಕುಂಡದ ತಳ ಅದಕ್ಕಿಂತ ಅರ್ಧ ಇಂಚು ಹೆಚ್ಚು. ಇದನ್ನು ನಾನು ಅಳೆದದ್ದು ಆಮೇಲೆ! ಕಳೆದ ಆಷಾಢದ ಒಂದು ಸಂಜೆ ಗಾಳಿ ಬಂತು ಅಂತ ಒಣಗಿದ ಬೆಡ್‌ಶೀಟನ್ನು ಅವಸರದಲ್ಲಿ ಎಳೆದೆ. ಬೆಡ್‌ಶೀಟಿನ ತುದಿ ಕುಂಡಕ್ಕೆ ಸಿಕ್ಕಿಕೊಂಡಿದ್ದು ನನಗೆ ಕಾಣಲಿಲ್ಲ. ಕೆಳಗಿಂದ ಸದ್ದು ಬಂತು.

ಕೆಳಗೆ, ನೇರ ಅದೇ ಜಾಗದಲ್ಲಿ, ವಾಚ್‌ಮನ್ ಮಗಳು ದಿನಾ ಸಂಜೆ ಕಟ್ಟೆ ಮೇಲೆ ಕೂತು ಹೋಂವರ್ಕ್ ಮಾಡ್ತಾಳೆ. ಎರಡನೇ ಕ್ಲಾಸು. ಅವತ್ತು ನೀರಿನ ಬಾಟಲಿ ತುಂಬಿಸಿಕೊಳ್ಳೋಕೆ ಎದ್ದು ಹೋಗಿದ್ದಳಂತೆ. ಅವಳ ಪುಸ್ತಕ ಅಲ್ಲೇ ಇತ್ತು, ಅದರ ಮೇಲೆಲ್ಲ ಮಣ್ಣು. ನಾನು ಮೆಟ್ಟಿಲು ಇಳಿದು ಹೋಗೋಷ್ಟರಲ್ಲಿ ಅವರಮ್ಮ ಗಿಡವನ್ನು ಬೇರು ಸಮೇತ ಎತ್ತಿ ಹಿಡಿದುಕೊಂಡಿದ್ದರು. “ಅಕ್ಕಾ, ಗಿಡಕ್ಕೇನೂ ಆಗಿಲ್ಲ, ಬೇರೆ ಪಾಟಿಗೆ ಹಾಕ್ಕೊಳ್ಳಿ” ಅಂದರು. ನನಗೆ ಮಾತೇ ಹೊರಡಲಿಲ್ಲ.

ಒಂದೂವರೆ ಸೆಕೆಂಡಿನ ಲೆಕ್ಕ

ಆಮೇಲೆ ಪಿಯುಸಿ ಓದುವ ಅಕ್ಕನ ಮಗನನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದೆ. ಮೂರನೇ ಮಹಡಿಯ ಬಾಲ್ಕನಿ ಗೋಡೆ ಅಂದ್ರೆ ನೆಲದಿಂದ ಹತ್ತಿರ ಹತ್ತಿರ 10 ಮೀಟರ್. ಅಲ್ಲಿಂದ ಜಾರಿದ ಕುಂಡ ನೆಲ ಮುಟ್ಟೋಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟುವಾಗ ಅದರ ವೇಗ ಗಂಟೆಗೆ 50 ಕಿಲೋಮೀಟರ್. “ಅಯ್ಯೋ, ಹುಷಾರು!” ಅಂತ ನೀವು ಕೂಗಿ ಮುಗಿಸೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ.

ಇನ್ನು ತೂಕ. ನೀರು ಹಾಕಿದ ಎಂಟು ಇಂಚಿನ ಮಣ್ಣಿನ ಕುಂಡ ಏಳೆಂಟು ಕೆ.ಜಿ. ತೂಗುತ್ತೆ. ಹನ್ನೆರಡು ಇಂಚಿನ ಕುಂಡಕ್ಕೆ ಕೆಂಪು ಮಣ್ಣು ತುಂಬಿ ನೀರುಣಿಸಿದರೆ 30 ಕೆ.ಜಿ. ದಾಟುತ್ತೆ. ಅಂದರೆ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಇದೆಯಲ್ಲ, ಹೆಚ್ಚು ಕಡಿಮೆ ಅಷ್ಟು. ಸಿಲಿಂಡರನ್ನು ಯಾರಾದರೂ ಬಾಲ್ಕನಿ ಗೋಡೆ ಮೇಲೆ ಇಡ್ತೀವಾ? ಕುಂಡದಲ್ಲಿ ಹೂ ಇದೆ ಅನ್ನೋ ಕಾರಣಕ್ಕೆ ಅದರ ತೂಕ ನಮಗೆ ಮರೆತುಹೋಗುತ್ತೆ, ಅಷ್ಟೇ.

ಬೀಳೋದಕ್ಕೆ ಬಿರುಗಾಳಿಯೇ ಬೇಕು ಅಂದ್ಕೋಬೇಡಿ. ನನ್ನ ಹಾಗೆ ಬಟ್ಟೆ ಎಳೆಯುವಾಗ ಬೀಳಬಹುದು. ಪಾರಿವಾಳ ಕೂತರೆ, ಬೆಕ್ಕು ಹಾರಿದರೆ, ಕೆಲಸದವರ ಪೊರಕೆಯ ಹಿಡಿ ತಗುಲಿದರೆ ಬೀಳಬಹುದು. ಎಷ್ಟೋ ಕಟ್ಟಡಗಳಲ್ಲಿ ಮಳೆನೀರು ಇಳಿದುಹೋಗಲಿ ಅಂತ ಗೋಡೆಯ ಮೇಲ್ಭಾಗವನ್ನು ಸ್ವಲ್ಪ ಇಳಿಜಾರು ಮಾಡಿರ್ತಾರೆ. ಅದರ ಮೇಲೆ ಪಾಚಿ ಕಟ್ಟಿದ ತಟ್ಟೆ, ತಟ್ಟೆಯ ಮೇಲೆ ಕುಂಡ... ಜಾರಬಂಡೆಯೇ ಸೈ.

ನಿಷೇಧವೊಂದೇ ಮದ್ದಾ?

ನೋಯ್ಡಾದ ಸೂಚನೆ ಬಂದ ಮೇಲೆ ಇಲ್ಲಿನ ಅಪಾರ್ಟ್‌ಮೆಂಟ್ ಸಂಘಗಳಲ್ಲೂ ಚರ್ಚೆ ಶುರುವಾಯಿತು. ನಮ್ಮ ಗುಂಪಿನ ಗೆಳತಿಯೊಬ್ಬಳ ಅಪಾರ್ಟ್‌ಮೆಂಟಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ್ಕನಿಯಲ್ಲಿ ಗಿಡವೇ ಬೇಡ ಅಂತ ಸುತ್ತೋಲೆ ಅಂಟಿಸಿದರಂತೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ! ನೋಯ್ಡಾದವರು ಆಕ್ಷೇಪಿಸಿದ್ದು ಗೋಡೆ, ಕಂಬಿಗಳ ಮೇಲಿನ ಕುಂಡಕ್ಕೆ. ಬಾಲ್ಕನಿಯ ನೆಲದ ಮೇಲೆ ಕೂತ ತುಳಸಿಗೆ ಅಲ್ಲ. ದಿನದ ಹದಿನಾಲ್ಕು ಗಂಟೆ ಮನೆಯೊಳಗೇ ಇರುವ ನಮ್ಮಂಥವರಿಗೆ ಆ ನಾಲ್ಕು ಗಿಡ ಅಂದ್ರೆ ಏನು ಅನ್ನೋದು ಸುತ್ತೋಲೆ ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಆದರೆ ಗೋಡೆಯ ಮೇಲಿನ ಕುಂಡದ ವಿಷಯಕ್ಕೆ ಬಂದರೆ ನಾನು ಸಂಘದವರ ಪರ. ಅಲ್ಲಿ ರಿಯಾಯಿತಿ ಕೇಳೋದು ತಪ್ಪು. ಯಾಕಂದ್ರೆ ಅನಾಹುತ ಆದಾಗ ಅದು “ವಿಧಿ” ಅಂತ ಕಾನೂನು ಒಪ್ಪಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣವಾದರೆ ಹಿಂದೆ ಹೆಚ್ಚೆಂದರೆ ಎರಡು ವರ್ಷ ಜೈಲಿತ್ತು, ಈಗ 106ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ. ಸಾವೇ ಆಗಬೇಕು ಅಂತಲೂ ಇಲ್ಲ. ಇನ್ನೊಬ್ಬರ ಜೀವಕ್ಕೆ ಅಪಾಯವಾಗುವ ಹಾಗೆ ನಿರ್ಲಕ್ಷ್ಯದಿಂದ ನಡೆದುಕೊಂಡರೆ 125ನೇ ಕಲಮಿದೆ; ಯಾರಿಗೂ ಪೆಟ್ಟಾಗದಿದ್ದರೂ ಮೂರು ತಿಂಗಳವರೆಗೆ ಜೈಲು ಅಥವಾ ದಂಡ, ತೀವ್ರ ಗಾಯವಾದರೆ ಮೂರು ವರ್ಷದವರೆಗೆ. ಮನೆ ಯಜಮಾನರ ಹೆಸರಲ್ಲಿದ್ದರೂ ಕುಂಡ ಇಟ್ಟವರು ಯಾರು ಅಂತ ಪ್ರಶ್ನೆ ಬಂದೇ ಬರುತ್ತೆ. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಇಟ್ಟವರು ನಾವೇ ತಾನೇ?

ಹೆದರಿಸೋಕೆ ಹೇಳ್ತಿಲ್ಲ. ಸಂಘದ ಸಭೆಗೆ ಹೋಗುವಾಗ ಗೊತ್ತಿರಲಿ ಅಂತ. ಬಹಳ ಕಡೆ ಈ ಸಭೆಗಳಿಗೆ ಗಂಡಸರೇ ಹೋಗ್ತಾರೆ, ಬಾಲ್ಕನಿ ವಿಷಯ ಅವರೇ ತೀರ್ಮಾನ ಮಾಡಿ ಬರ್ತಾರೆ. ಈ ಸಲ ನೀವು ಹೋಗಿ. “ಗಿಡ ಬೇಡ” ಅನ್ನೋ ನಿಯಮದ ಬದಲು “ಗೋಡೆ, ಕಂಬಿ, ಎಸಿ ಯಂತ್ರದ ಕಟ್ಟೆ, ಕಿಟಕಿಯ ಸಜ್ಜಾ ಇವುಗಳ ಮೇಲೆ ಕುಂಡ ಬೇಡ” ಅಂತ ಬರೆಸಿ. ಇಳಿಸೋಕೆ ಎರಡು ವಾರ ಸಮಯ ಕೊಡಿಸಿ. ವಯಸ್ಸಾದವರ ಮನೆಗಳಿಗೆ ಹೌಸ್‌ಕೀಪಿಂಗ್ ಹುಡುಗರ ಸಹಾಯ ಕೇಳಿ, 30 ಕೆ.ಜಿ. ಕುಂಡವನ್ನು ಅರವತ್ತೈದು ವರ್ಷದ ಅಜ್ಜಿ ಎತ್ತೋಕ್ಕಾಗಲ್ಲ. ಎತ್ತಲು ಹೋಗಿ ಹೊರಗಡೆ ಬೀಳಿಸಿದರೆ ಇನ್ನೂ ಕಷ್ಟ.

ಗೋಡೆಯಿಂದ ಇಳಿಸಿ, ಆದರೆ...

ಇಳಿಸಿದ ಕುಂಡ ಎಲ್ಲಿಡಬೇಕು? ಇಲ್ಲಿ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಳ್ಳುವವರೇ ಹೆಚ್ಚು. ಗೋಡೆ ಮೇಲಿದ್ದುದನ್ನು ಇಳಿಸಿ ಅದೇ ಗೋಡೆಯ ಬುಡಕ್ಕೆ ಸಾಲಾಗಿ ಇಡ್ತೀವಿ. ಮನೆಯಲ್ಲಿ ಎರಡು-ಮೂರು ವರ್ಷದ ಮಗು ಇದ್ದರೆ ಅದು ಮೆಟ್ಟಿಲು! ಕುಂಡದ ಮೇಲೆ ಕಾಲಿಟ್ಟು ಗೋಡೆ ಹತ್ತಿ ಕೆಳಗೆ ಬಗ್ಗಿ ನೋಡೋದು ಮಕ್ಕಳಿಗೆ ಒಂದು ನಿಮಿಷದ ಕೆಲಸ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುಂಡ, ಸ್ಟೂಲು, ಗಿಡದ ಸ್ಟ್ಯಾಂಡು ಯಾವುದೂ ಹೊರಗೋಡೆಯ ಎರಡಡಿ ಒಳಗೆ ಬರಬಾರದು. ಮನೆಯ ಗೋಡೆಗೆ ಒತ್ತಿ ಇಡಿ. ಗಿಡಕ್ಕೆ ಬಿಸಿಲು ಸ್ವಲ್ಪ ಕಡಿಮೆಯಾಗಬಹುದು, ಆಗಲಿ. ಗುಲಾಬಿ ಹೋಗಿ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಬರಲಿ.

ಮನೆಯ ಗೋಡೆಗೆ ಒತ್ತಿ ಇಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಬಾಲ್ಕನಿ ಅಂದ್ರೆ ಸಾಮಾನ್ಯವಾಗಿ ಗೋಡೆಯಿಂದ ಹೊರಗೆ ಚಾಚಿದ ಚಪ್ಪಡಿ, ಅದರ ತುದಿಗೆ ಕೆಳಗಿಂದ ಆಸರೆ ಇರಲ್ಲ. ಭಾರವೆಲ್ಲ ತುದಿಗೆ ಹಾಕಿದರೆ ಬುಡಕ್ಕೆ ಬೀಳುವ ಒತ್ತಡ ಹೆಚ್ಚು. ನಮ್ಮ ದೇಶದ ಕಟ್ಟಡ ಮಾನದಂಡದಲ್ಲಿ ವಾಸದ ಮನೆಯ ಬಾಲ್ಕನಿಯನ್ನು ಒಂದು ಚದರ ಮೀಟರಿಗೆ ಕನಿಷ್ಠ 300 ಕೆ.ಜಿ.ಯಷ್ಟು ಭಾರ ತಡೆಯುವ ಹಾಗೆ ಕಟ್ಟಬೇಕು ಅಂತಿದೆ. ಜನ ಓಡಾಡುವ ತಾರಸಿಗೆ? ಅದರ ಅರ್ಧ, 150 ಕೆ.ಜಿ. ಇದು ನನಗೂ ಆಶ್ಚರ್ಯ ಆಗಿತ್ತು. ತಾರಸಿ ಎಷ್ಟು ಗಟ್ಟಿ, ಎಷ್ಟು ವಿಶಾಲ ಅಂತ ನಾವು ಅಲ್ಲೇ ಜಾಸ್ತಿ ಕುಂಡ ಪೇರಿಸ್ತೀವಿ! ಒಂದು ಚದರ ಮೀಟರ್ ಅಂದ್ರೆ ಮೂರು ಕಾಲು ಅಡಿ ಉದ್ದ, ಅಷ್ಟೇ ಅಗಲ. ಅಷ್ಟು ಜಾಗದಲ್ಲಿ ಹನ್ನೆರಡು ಇಂಚಿನ ಕೆಂಪು ಮಣ್ಣಿನ ಕುಂಡ ಐದು ಇಟ್ಟರೆ ಲೆಕ್ಕ ಮುಗಿಯಿತು. ತಾರಸಿಯ ನಡುವೆ ಗುಂಪು ಮಾಡದೆ, ಕೆಳಗೆ ಗೋಡೆ ಅಥವಾ ತೊಲೆ ಹಾದುಹೋಗುವ ಕಡೆ ಸಾಲಾಗಿ ಇಡಿ. ಹಳೇ ಕಟ್ಟಡವಾದರೆ, ಚಾವಣಿಯ ಕೆಳಗೆ ಸಿಮೆಂಟ್ ಉದುರುತ್ತಿದ್ದರೆ, ಕುಂಡ ಏರಿಸೋಕೆ ಮೊದಲು ಇಂಜಿನಿಯರ್ ಒಬ್ಬರಿಗೆ ತೋರಿಸಿ.

ಭಾರ ಕಡಿಮೆ ಮಾಡಲು ಎಲ್ಲರೂ ಹೇಳುವ ಉಪಾಯ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ. ಒಳ್ಳೆಯದೇ. ಮಣ್ಣು, ಗೊಬ್ಬರದ ಜೊತೆ ಅದನ್ನು ಬೆರೆಸಿದರೆ ತೂಕ ಸಾಕಷ್ಟು ಇಳಿಯುತ್ತೆ. ಆದರೆ ಒಂದು ಕಿವಿಮಾತು: ಪ್ಲಾಸ್ಟಿಕ್ ಪಾಟಿಗೆ ಬರೀ ಕೋಕೋಪೀಟ್ ತುಂಬಿ, ಎರಡು ದಿನ ನೀರು ಹಾಕೋದು ಮರೆತರೆ ಅದು ಹಗುರವಾದ ಬುಟ್ಟಿಯಂತಾಗುತ್ತೆ. ಮೇಲೆ ನಾಲ್ಕಡಿ ಎತ್ತರದ ಅರೆಕಾ ಪಾಮ್ ಇದ್ದರೆ ಅದರ ಎಲೆಗಳು ಗಾಳಿಗೆ ಹಾಯಿಯ ಹಾಗೆ ಉಬ್ಬಿ ಪಾಟನ್ನೇ ಮಲಗಿಸಿಬಿಡುತ್ತವೆ. ಹಾಗಾಗಿ ಹಗುರ ಪಾಟನ್ನು ಭಾರದ ಅಲಂಕಾರಿಕ ಕುಂಡದೊಳಗೆ ಇಡಿ. ಅಲಂಕಾರಿಕ ಕುಂಡಗಳನ್ನು ಬಳಸಬೇಕಾದ್ದೇ ಹೀಗೆ ಅಂತ ನನ್ನ ಅನುಭವ. ಬಣ್ಣದ ಪಿಂಗಾಣಿ ಕುಂಡಕ್ಕೆ ನೇರ ಮಣ್ಣು ತುಂಬಿದರೆ ಬೇರು ಬೆಳೆದಾಗ ಗಿಡ ತೆಗೆಯಲು ಕುಂಡವನ್ನೇ ಒಡೆಯಬೇಕಾಗುತ್ತೆ. ಒಳಗೊಂದು ನರ್ಸರಿ ಪಾಟ್, ಹೊರಗೆ ಅಂದದ ಕುಂಡ, ನಡುವಿನ ಸಂದಿಗೆ ಜಲ್ಲಿ ಅಥವಾ ಮರಳು. ಅಂದವೂ ಆಯಿತು, ಬುಡವೂ ಭಾರವಾಯಿತು. ಹೊರಗಿನ ಕುಂಡದ ತಳದಲ್ಲೂ ತೂತಿರಬೇಕು, ಇಲ್ಲದಿದ್ದರೆ ಒಳಗೆ ನೀರು ನಿಂತು ಬೇರು ಕೊಳೆಯುತ್ತೆ.

ಎತ್ತರವಾಗಿ, ಬುಡ ಸಣ್ಣಗಿರುವ ಹೂದಾನಿಯಂಥ ಕುಂಡಗಳು ಅಂಗಡಿಯಲ್ಲಿ ಕಣ್ಣಿಗೆ ತುಂಬಾ ಚೆಂದ. ಮನೆಗೆ ತಂದ ಮೇಲೆ ಮೊದಲು ಉರುಳೋದೂ ಅವೇ. ಕೊಂಡುಬಿಟ್ಟಿದ್ದರೆ ತಳದ ಮೂರನೇ ಒಂದು ಭಾಗಕ್ಕೆ ಇಟ್ಟಿಗೆ ಚೂರು, ಮರಳು ಹಾಕಿ, ಅದರ ಮೇಲೆ ಸಣ್ಣ ಪಾಟ್ ಕೂರಿಸಿ. ಎರಡು ಗೋಡೆ ಸೇರುವ ಮೂಲೆಯಲ್ಲಿಡಿ. ಫೈಬರ್ ಕುಂಡಗಳಿಗೂ ಇದೇ ಮಾತು, ಅವು ಕಲ್ಲಿನ ಹಾಗೆ ಕಾಣುತ್ತವೆಯೇ ಹೊರತು ತೂಕ ಇರಲ್ಲ.

ಕಂಬಿಗೆ ತೂಗುಹಾಕುವ ಉದ್ದನೆಯ ಪಾಟುಗಳು ಈಗ ಎಲ್ಲ ಕಡೆ ಸಿಗ್ತವೆ. ಅವುಗಳನ್ನು ಹೊರಮುಖವಾಗಿ ನೇತುಹಾಕೋದು ರಸ್ತೆಯಿಂದ ನೋಡೋರಿಗೆ ಚೆಂದ, ನಿಮಗಲ್ಲ. ಒಳಮುಖವಾಗಿ ಹಾಕಿ. ಬಿದ್ದರೆ ನಿಮ್ಮ ಬಾಲ್ಕನಿಯ ನೆಲಕ್ಕೇ ಬೀಳಲಿ. ಬರೀ ಕೊಕ್ಕೆಯ ಮೇಲೆ ನಂಬಿಕೆ ಇಡದೆ ತಂತಿಯಿಂದ ಎರಡು ಕಡೆ ಕಟ್ಟಿ. ತಂತಿ ಅಂದಾಗ ನೆನಪಾಯಿತು, ಸೆಣಬಿನ ದಾರ ಒಂದೇ ಮಳೆಗಾಲಕ್ಕೆ ಕೊಳೆತುಹೋಗುತ್ತೆ, ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇರುವ ಜಿಐ ತಂತಿ ಕೇಳಿ. ಪ್ಲಾಸ್ಟಿಕ್ ಪಾಟುಗಳೂ ಅಷ್ಟೇ, ಎರಡು-ಮೂರು ಬೇಸಿಗೆ ಕಂಡ ಮೇಲೆ ಅಂಚು ಬಿಳಿಚಿಕೊಂಡರೆ ಬದಲಾಯಿಸುವ ಸಮಯ ಬಂತು ಅಂತ ಅರ್ಥ. ಅಂಥ ಪಾಟನ್ನು ಅಂಚು ಹಿಡಿದು ಎತ್ತಿದರೆ ಅಂಚು ಕೈಯಲ್ಲಿ, ಪಾಟ್ ಕಾಲ ಮೇಲೆ.

ಮೇಲಿಂದ ನೇತುಹಾಕುವ ಬುಟ್ಟಿಗಳಿಗೆ ಕೊಂಡಿ ಹಾಕಿಸುವಾಗ ಕಾಂಕ್ರೀಟ್ ಚಾವಣಿಗೇ ಹಾಕಿಸಿ. ಅಲಂಕಾರಕ್ಕೆ ಮಾಡಿಸಿದ ಫಾಲ್ಸ್ ಸೀಲಿಂಗಿಗೆ ಬೇಡವೇ ಬೇಡ. ಬಾಯಿ ತೆರೆದ ಕೊಕ್ಕೆಗಿಂತ ಬಾಯಿ ಮುಚ್ಚಿದ ಕೊಂಡಿ ವಾಸಿ. ಬಾಡಿಗೆ ಮನೆಯವರಿಗೆ ಡ್ರಿಲ್ ಮಾಡಲು ಓನರ್ ಬಿಡಲ್ಲ, ಗೊತ್ತು. ನೀವು ಕುಂಡಗಳನ್ನು ಮೂರ್ನಾಲ್ಕು ಒತ್ತಿಟ್ಟು ಎಲ್ಲವನ್ನೂ ಸುತ್ತಿ ಒಂದೇ ತಂತಿ ಕಟ್ಟಿ. ಒಂಟಿ ಕುಂಡ ಉರುಳಿದ ಹಾಗೆ ಗುಂಪು ಉರುಳಲ್ಲ.

ಗೇಟಿನ ಮುಂದಿನ ಕುಂಡ

ಈಗ ಕಳ್ಳತನದ ವಿಷಯ. ಮೂರು ಸಾವಿರ ಕೊಟ್ಟು ತಂದ ಕುಂಡ ಬೆಳಗಾಗುವಷ್ಟರಲ್ಲಿ ಮಾಯವಾದರೆ ಎಷ್ಟು ಸಂಕಟ ಆಗುತ್ತೆ ಅಂತ ಕಳೆದುಕೊಂಡವರಿಗೇ ಗೊತ್ತು. ಹಣಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ಸಾಕಿದ ಗಿಡ ಹೋಯಿತಲ್ಲ ಅಂತ. ಗುರುಗ್ರಾಮದ ಪ್ರಕರಣ ಒಂದು ಮಾತು ಹೇಳಿಕೊಟ್ಟಿತು. ಕುಂಡ ಕದಿಯೋರು ಹೊಟ್ಟೆಗಿಲ್ಲದವರು ಅಂತ ಅಂದ್ಕೋಬೇಡಿ. ಕಾರಿನಲ್ಲಿ ಬರ್ತಾರೆ, ಬಾಲ್ಕನಿ ಅಲಂಕರಿಸೋಕೆ ಒಯ್ತಾರೆ. ಇದನ್ನು ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಕುಂಡ ಕಾಣೆಯಾದ ತಕ್ಷಣ ನಮ್ಮ ಅನುಮಾನ ಮೊದಲು ಹೋಗೋದು ಮನೆಕೆಲಸದವರ ಮೇಲೆ, ಕಸ ಆಯುವವರ ಮೇಲೆ. ಪುರಾವೆ ಇಲ್ಲದೆ ಆಡಿದ ಒಂದು ಮಾತಿಗೆ ಅವರಿಗೆ ನಾಲ್ಕು ಮನೆಯ ಕೆಲಸ ಹೋಗುತ್ತೆ. ಆಮೇಲೆ ಕಳ್ಳರು ಬೇರೆ ಯಾರೋ ಅಂತ ಗೊತ್ತಾದರೂ ನಾವು ಹೋಗಿ ಕ್ಷಮೆ ಕೇಳ್ತೀವಾ?

ಕಾನೂನಿನಲ್ಲಿ ಇದಕ್ಕೆ ಹೇಳಿಮಾಡಿಸಿದಂಥ ಒಂದು ಹೊಸ ಅಂಶವಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವರ ಮೇಲೆ ಇದೇ ಮೊದಲ ಸಲ ಅಪರಾಧ ಸಾಬೀತಾಗಿ, ಅವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಮನೆ ಮುಂದಿನ ಕುಂಡಗಳೆಲ್ಲ ಬಹುತೇಕ ಈ ಲೆಕ್ಕದೊಳಗೇ ಬರ್ತವೆ. “ಸಣ್ಣ ವಿಷಯಕ್ಕೆ ಪೊಲೀಸ್ ಯಾಕೆ, ಪಾಪ ಯಾರದ್ದೋ ಜೀವನ ಹಾಳಾಗುತ್ತೆ” ಅಂತ ಹಿಂಜರಿಯುವವರಿಗೆ ಇದು ಸಮಾಧಾನ. ವಿಡಿಯೋ ಹಾಕಿ ಊರೆಲ್ಲ ಮರ್ಯಾದೆ ಕಳೆಯೋದಕ್ಕಿಂತ ದೂರು ಕೊಡೋದೇ ಲೇಸು ಅನ್ನೋದು ನನ್ನ ಅಭಿಪ್ರಾಯ. ವಿಡಿಯೋದಲ್ಲಿ ಕಂಡವರ ಮಕ್ಕಳು ಶಾಲೆಗೆ ಹೋಗ್ತಿರ್ತಾರೆ, ಅವರೇನು ತಪ್ಪು ಮಾಡಿದ್ದಾರೆ? ಹೊಸ ಕಾನೂನಿನಲ್ಲಿ ದೂರನ್ನು ಇಲೆಕ್ಟ್ರಾನಿಕ್ ವಿಧಾನದಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಅಷ್ಟೇ. ಇದಕ್ಕೆ ಅನುಕೂಲವಾಗಲಿ ಅಂತ ಕುಂಡ ಕೊಂಡ ರಸೀತಿ, ಗಿಡದ ಸಮೇತ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ತಳದಲ್ಲಿ ಆಯಿಲ್ ಪೇಂಟಿನಿಂದ ಮನೆ ನಂಬರ್ ಬರೆದಿಡಿ.

ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕೋದು ಬೇಡ ಅಂದ್ರೆ, ಕುಂಡಕ್ಕೆ ಬೀಗ ಹಾಕುವ ಸುಲಭ ವಿಧಾನ ಒಂದಿದೆ. ಖಾಲಿ ಕುಂಡದ ತಳದ ತೂತಿಗಿಂತ ಉದ್ದವಾದ ಒಂದು ಕಬ್ಬಿಣದ ಸರಳಿನ ತುಂಡು ತಗೊಳ್ಳಿ, ಆರು ಇಂಚು ಸಾಕು. ಅದರ ನಡುವಿಗೆ ದಪ್ಪ ತಂತಿ ಬಿಗಿದು, ಸರಳನ್ನು ಕುಂಡದ ಒಳಗೆ ಅಡ್ಡಲಾಗಿ ಮಲಗಿಸಿ, ತಂತಿಯನ್ನು ತೂತಿನಿಂದ ಹೊರಗೆ ಎಳೆಯಿರಿ. ಆಮೇಲೆ ಮಣ್ಣು ತುಂಬಿ ಗಿಡ ನೆಡಿ. ಹೊರಬಂದ ತಂತಿಯನ್ನು ಗೇಟಿನ ಕಂಬಕ್ಕೋ ಗ್ರಿಲ್ಲಿಗೋ ಕಟ್ಟಿ. ಕುಂಡ ಎತ್ತಿದವರಿಗೆ ತಂತಿ ಎಲ್ಲಿಂದ ಬಂತು ಅಂತಲೇ ತಿಳಿಯಲ್ಲ. ನೀರು ಇಳಿಯಲು ತೂತಿನಲ್ಲಿ ಜಾಗ ಉಳಿದಿರಬೇಕು ಅನ್ನೋದಷ್ಟೇ ಗಮನದಲ್ಲಿರಲಿ. ಬಾಲ್ಕನಿಯ ಕುಂಡಗಳು ಗಾಳಿಗೆ ಉರುಳದಂತೆಯೂ ಇದೇ ಉಪಾಯ ನಡೆಯುತ್ತೆ. ಹಾಗೂ ಒಂದು ಮಾತು, ಗೇಟಿನ ಮುಂದೆ ಮಣ್ಣಿನ ಸಾದಾ ಕುಂಡಗಳನ್ನೇ ಇಡಿ. ಬೆಂಗಳೂರಿನಲ್ಲಾದರೆ ಪಾಟರಿ ಟೌನ್‌ಗೆ ಒಂದು ಸಲ ಹೋಗಿ ಬನ್ನಿ, ಕುಂಬಾರರ ಕೈಯಿಂದಲೇ ಕೊಳ್ಳಬಹುದು. ಪಿಂಗಾಣಿ, ಹಿತ್ತಾಳೆಯ ವೈಭವ ಒಳಗಿರಲಿ.

ಗೇಟಿನ ಮುಂದೆ ಅಂದಾಗ ನಮ್ಮ ಇನ್ನೊಂದು ಅಭ್ಯಾಸದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಬೇರೆಯವರು ಗಾಡಿ ನಿಲ್ಲಿಸದಿರಲಿ ಅಂತ ಫುಟ್‌ಪಾತಿನಲ್ಲಿ, ರಸ್ತೆಯಂಚಿನಲ್ಲಿ ಸಾಲಾಗಿ ಕುಂಡ ಇಡೋದು. ಗಿಡದ ಪ್ರೀತಿ ಅಂತ ಹೇಳ್ತೀವಿ, ಒಳಗಿನ ಉದ್ದೇಶ ಎಲ್ಲರಿಗೂ ಗೊತ್ತು! ಅದರಿಂದ ಗಾಡಿಯವರು ಮುಂದಿನ ಮನೆ ಹತ್ತಿರ ನಿಲ್ಲಿಸ್ತಾರೆ, ಅಷ್ಟೇ. ನಡೆಯುವ ವಯಸ್ಸಾದವರು, ಶಾಲೆ ಮಕ್ಕಳು ರಸ್ತೆಗೆ ಇಳೀತಾರೆ. ಅಲ್ಲಿಟ್ಟ ಕುಂಡವನ್ನು ಪಾಲಿಕೆಯವರು ತೆಗೆದರೆ ಜಗಳವಾಡಲು ನಮಗೆ ಹಕ್ಕಿಲ್ಲ, ಅದು ನಮ್ಮ ಜಾಗವಲ್ಲ.

ತಟ್ಟೆಯ ನೀರು

ಕುಂಡ ಭದ್ರವಾಗಿ ಕೂತಿತು, ಕಳುವಾಗಲೂ ಇಲ್ಲ ಅಂತಿಟ್ಟುಕೊಳ್ಳಿ. ಅದರ ಕೆಳಗಿನ ತಟ್ಟೆ ನೋಡಿದ್ದೀರಾ? 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ ಅಂತ ನಿಯಮ ತಂದಿತು. ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಗಳಲ್ಲಿ 200. ದಂಡದ ಮಾತು ಹಾಗಿರಲಿ, ಡೆಂಗಿ ಹರಡುವ ಸೊಳ್ಳೆ ಕೊಳಚೆ ಗುಂಡಿಗಿಂತ ಇಂಥ ತಿಳಿನೀರನ್ನೇ ಇಷ್ಟಪಡುತ್ತೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮುಗೀತು ಅಂತಲೂ ಅಲ್ಲ. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ಮತ್ತೆ ನೀರು ಬಿದ್ದಾಗ ಮರಿಯಾಗ್ತವೆ. ಹಾಗಾಗಿ ವಾರಕ್ಕೊಮ್ಮೆ ತಟ್ಟೆಯನ್ನು ಪಾತ್ರೆ ತೊಳೆಯುವ ನಾರಿನಿಂದ ಉಜ್ಜಿ ತೊಳೆಯಬೇಕು. ನಾನು ಪ್ರತಿ ಶುಕ್ರವಾರ ಹೊಸ್ತಿಲು ತೊಳೆಯುವಾಗಲೇ ಇದನ್ನೂ ಮುಗಿಸ್ತೀನಿ. ಒಳ ಕುಂಡ, ಹೊರ ಕುಂಡ ಅಂತ ಜೋಡಿ ಇಟ್ಟವರು ನಡುವಿನ ಜಲ್ಲಿಯ ಮೇಲೆ ನೀರು ಕಾಣಿಸುವಷ್ಟು ಸುರಿಯಬೇಡಿ. ನಿಂತ ನೀರು ಕಂಡರೆ ತಳದ ತೂತು ಕಟ್ಟಿದೆ ಅಂತ ಅರ್ಥ, ಕಡ್ಡಿಯಿಂದ ಬಿಡಿಸಿ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೇ ಗಿಡಗಳಿಗೆ ಹಾಕಿ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿದ್ದು ನೆನಪಿದೆ ತಾನೇ? ಹಾಕುವಾಗ ಕೆಳಗಿನ ಮನೆಯವರ ಬಟ್ಟೆ ಒಣಗಿದೆಯೇ ಅಂತ ಒಮ್ಮೆ ಬಗ್ಗಿ ನೋಡಿ. ಅರ್ಧ ಜಗಳ ಅಲ್ಲೇ ತಪ್ಪುತ್ತೆ.

ವಾಚ್‌ಮನ್ ಹೆಂಡತಿ ಎತ್ತಿಕೊಟ್ಟ ದೊಡ್ಡಪತ್ರೆ ಈಗ ನಮ್ಮನೆ ಬಾಲ್ಕನಿಯ ಒಳಮೂಲೆಯಲ್ಲಿ, ಖಾಲಿ ಪೇಂಟ್ ಬಕೆಟ್ಟಿನಲ್ಲಿದೆ. ಬಿಸಿಲು ಕಡಿಮೆಯಾಗಿ ಎಲೆ ಸ್ವಲ್ಪ ತೆಳ್ಳಗಾಗಿದೆ, ತಂಬುಳಿಗೆ ಏನೂ ಕೊರತೆಯಿಲ್ಲ. ನೀವು ಮಾತ್ರ ಆಷಾಢದ ಗಾಳಿಗೆ ಕಾಯಬೇಡಿ. ಇವತ್ತೇ, ಸಂಜೆ ಕೆಳಗೆ ಮಕ್ಕಳು ಆಡೋಕೆ ಬರೋ ಮೊದಲು, ಗೋಡೆ ಮೇಲಿನವನ್ನು ಇಳಿಸಿಬಿಡಿ. ದೊಡ್ಡದಾಗಿದ್ದರೆ ಇಬ್ಬರು ಸೇರಿ, ತಳಕ್ಕೆ ಕೈ ಕೊಟ್ಟು ಇಳಿಸಿ. ಅಷ್ಟು ಹೊತ್ತು ಕೆಳಗಡೆ ಒಬ್ಬರನ್ನು ನಿಲ್ಲಿಸಿ, ಯಾರೂ ಆ ಕಡೆ ಬರದ ಹಾಗೆ ನೋಡಿಕೊಳ್ಳಲಿ.